ಮನೆಯ ದೀಪಗಳನ್ನು ಎಲ್‌ಇಡಿಗೆ ಬದಲಾಯಿಸುವುದು: ಮುಂಬಯಿ ಕನ್ನಡಿಗರಿಗೊಂದು ಕೈಪಿಡಿ

ಮುಂಬಯಿಯಲ್ಲಿ ಎಲ್‌ಇಡಿ ಬಲ್ಬ್ ಕಾಲಿಡದ ಮನೆ ಈಗ ಅಪರೂಪ. ಆದರೂ ಡೊಂಬಿವಲಿಯ ವನ್ ರೂಮ್ ಕಿಚನ್ ಇರಲಿ, ಮಾಟುಂಗದ ಹಳೆಯ ಕಟ್ಟಡದ ಎತ್ತರದ ಮಾಳಿಗೆಯ ಮನೆಯಿರಲಿ, ಒಳಗೆ ಹೋಗಿ ನೋಡಿದರೆ ಹಾಲ್‌ನಲ್ಲಿ ಹೊಸ ದೀಪ ಬೆಳಗುತ್ತಿರುತ್ತದೆ, ಅಡುಗೆಮನೆಯಲ್ಲಿ ಚೋಕ್ ಗುಂಯ್‌ಗುಡುವ ಹಳೆಯ ಟ್ಯೂಬ್‌ಲೈಟ್ ಇರುತ್ತದೆ, ದೇವರ ಗೂಡಿನಲ್ಲಿ ಕೆಂಪು ಝೀರೋ ಬಲ್ಬ್ ಹಗಲಿರುಳು ಉರಿಯುತ್ತಿರುತ್ತದೆ. ಬದಲಾವಣೆಯು ನೆಂಟರ ಕಣ್ಣಿಗೆ ಬೀಳುವ ಜಾಗದಿಂದ ಆರಂಭವಾಗಿ ಅಲ್ಲಿಯೇ ನಿಂತುಬಿಟ್ಟಿರುವುದೇ ಇದಕ್ಕೆ ಕಾರಣ. ಉಳಿತಾಯ ಬೇಕಾದರೆ ಲೆಕ್ಕ ಹಾಕಬೇಕಾದದ್ದು ಯಾವ ದೀಪ ಎಲ್ಲಿದೆ ಎಂಬುದನ್ನಲ್ಲ, ಅದು ದಿನಕ್ಕೆ ಎಷ್ಟು ಗಂಟೆ ಉರಿಯುತ್ತದೆ ಎಂಬುದನ್ನು.

ಆದ್ದರಿಂದ ಅಂಗಡಿಗೆ ಹೋಗುವ ಮೊದಲು ಒಂದು ಹಾಳೆ, ಒಂದು ಪೆನ್ನು ಹಿಡಿದು ಮನೆಯನ್ನೊಮ್ಮೆ ಸುತ್ತಿ ಬನ್ನಿ. ಪ್ರತಿಯೊಂದು ದೀಪದ ಎದುರು ಅದರ ವ್ಯಾಟ್ ಮತ್ತು ಅದು ಉರಿಯುವ ಗಂಟೆಗಳನ್ನು ಬರೆಯಿರಿ. ವ್ಯಾಟ್ ಬಲ್ಬ್‌ನ ಮೇಲೆಯೇ ಅಚ್ಚಾಗಿರುತ್ತದೆ. ಗಂಟೆಗಳನ್ನು ಮಾತ್ರ ಮನೆಯಲ್ಲಿ ಹಗಲು ಇರುವವರನ್ನೇ ಕೇಳಬೇಕು. ಬೆಳಿಗ್ಗೆ ಎಂಟಕ್ಕೆ ಲೋಕಲ್ ಹಿಡಿದು ರಾತ್ರಿ ಮರಳುವವರಿಗೆ, ಪಕ್ಕದ ಕಟ್ಟಡ ಕೈಗೆಟುಕುವಷ್ಟು ಹತ್ತಿರ ನಿಂತಿರುವುದರಿಂದ ತಮ್ಮ ಅಡುಗೆಮನೆಯ ದೀಪ ಮಧ್ಯಾಹ್ನ ಹನ್ನೆರಡಕ್ಕೂ ಉರಿಯುತ್ತಿರುತ್ತದೆ ಎಂಬುದು ಗೊತ್ತೇ ಇರುವುದಿಲ್ಲ. ಚಾಳುಗಳ ಒಳಕೋಣೆಗಳಲ್ಲಿ, ನೆಲಮಹಡಿಯ ಮನೆಗಳಲ್ಲಿ, ಮಳೆಗಾಲದ ನಾಲ್ಕು ತಿಂಗಳು ಎಲ್ಲ ಮನೆಗಳಲ್ಲೂ, ಹಗಲಿನ ದೀಪವೇ ರಾತ್ರಿಯ ದೀಪಕ್ಕಿಂತ ಹೆಚ್ಚು ಯುನಿಟ್ ತಿನ್ನುವುದುಂಟು.

ಲೆಕ್ಕ ಕಷ್ಟದ್ದಲ್ಲ. ವ್ಯಾಟನ್ನು ಗಂಟೆಗಳಿಂದ ಗುಣಿಸಿ 1000ದಿಂದ ಭಾಗಿಸಿದರೆ ದಿನದ ಯುನಿಟ್ ಸಿಗುತ್ತದೆ. ಅದನ್ನು 30ರಿಂದ ಗುಣಿಸಿದರೆ ತಿಂಗಳಿನದು. ದಿನಕ್ಕೆ 5 ಗಂಟೆ ಉರಿಯುವ 60 ವ್ಯಾಟ್‌ನ ಹಳೆಯ ತಂತಿ ಬಲ್ಬ್ ತಿಂಗಳಿಗೆ 9 ಯುನಿಟ್ ಬಳಸಿದರೆ, ಅಷ್ಟೇ ಬೆಳಕು ಕೊಡುವ 9 ವ್ಯಾಟ್ ಎಲ್‌ಇಡಿ ಬಳಸುವುದು 1.35 ಯುನಿಟ್. ಇದಕ್ಕೆ ವಿರುದ್ಧವಾಗಿ, ಅಟ್ಟದ ಮೇಲಿನ ಸಾಮಾನು ತೆಗೆಯುವಾಗ ದಿನಕ್ಕೆ ಹತ್ತು ನಿಮಿಷ ಹಾಕುವ ಅದೇ 60 ವ್ಯಾಟ್ ಬಲ್ಬ್ ಇಡೀ ತಿಂಗಳಿಗೆ ಮೂರನೇ ಒಂದು ಯುನಿಟ್ಟನ್ನೂ ಮುಟ್ಟುವುದಿಲ್ಲ. ಅದನ್ನು ಅದರ ಪಾಡಿಗೆ ಬಿಡಿ, ಸುಟ್ಟುಹೋದ ದಿನ ಬದಲಾಯಿಸಿದರಾಯಿತು. ಸಿಎಫ್‌ಎಲ್ ವಿಷಯದಲ್ಲಿಯೂ ಅವಸರ ಬೇಡ. 15 ವ್ಯಾಟ್ ಸಿಎಫ್‌ಎಲ್ ತೆಗೆದು 9 ವ್ಯಾಟ್ ಎಲ್‌ಇಡಿ ಹಾಕಿದರೆ ದಿನಕ್ಕೆ 5 ಗಂಟೆಯ ಬಳಕೆಯಲ್ಲಿ ಉಳಿಯುವುದು ತಿಂಗಳಿಗೆ ಒಂದು ಯುನಿಟ್‌ಗೂ ಕಡಿಮೆ. ಚೆನ್ನಾಗಿ ಉರಿಯುತ್ತಿರುವ ಸಿಎಫ್‌ಎಲ್ಲನ್ನು ಅದರ ಆಯುಸ್ಸು ಮುಗಿಯುವವರೆಗೆ ಬಳಸುವುದೇ ವಿವೇಕ.

ಈ ಪಟ್ಟಿಯಲ್ಲಿ ಬಹುತೇಕ ಎಲ್ಲರೂ ಬರೆಯಲು ಮರೆಯುವುದು ದೇವರ ಮುಂದಿನ ಝೀರೋ ಬಲ್ಬನ್ನು. ಬಣ್ಣ ಬಳಿದ ಗಾಜಿನ ಆ ಪುಟ್ಟ ಬಲ್ಬ್ ವಾಸ್ತವವಾಗಿ ಸುಮಾರು 15 ವ್ಯಾಟ್ ವಿದ್ಯುತ್ ಬಳಸುತ್ತದೆ. ಇಪ್ಪತ್ತನಾಲ್ಕು ಗಂಟೆಯೂ ಉರಿದರೆ ತಿಂಗಳಿಗೆ 10.8 ಯುನಿಟ್, ಅಂದರೆ 60 ವ್ಯಾಟ್ ಬಲ್ಬನ್ನು ದಿನಕ್ಕೆ 6 ಗಂಟೆ ಉರಿಸಿದಷ್ಟೇ ಆಯಿತು. ಅದೇ ಹೋಲ್ಡರ್‌ಗೆ ಕೂರುವ ಅರ್ಧ ವ್ಯಾಟ್‌ನ ಎಲ್‌ಇಡಿ ನೈಟ್ ಬಲ್ಬ್ ಕೆಂಪು, ಹಳದಿ, ಹಸಿರು, ಎಲ್ಲ ಬಣ್ಣಗಳಲ್ಲೂ ಸಿಗುತ್ತದೆ ಮತ್ತು ತಿಂಗಳಿಗೆ ಅರ್ಧ ಯುನಿಟ್ ಕೂಡ ಬೇಡುವುದಿಲ್ಲ. ಮನೆಯಲ್ಲಿ ಒಂದೇ ಒಂದು ಬಲ್ಬ್ ಬದಲಾಯಿಸುವಷ್ಟೇ ವ್ಯವಧಾನವಿದ್ದರೆ ಇದನ್ನು ಬದಲಾಯಿಸಿ. ಮಲಗುವ ಕೋಣೆಯಲ್ಲಿ ರಾತ್ರಿಯಿಡೀ ಉರಿಯುವ ಝೀರೋ ಬಲ್ಬ್‌ಗೂ ಇದೇ ಮಾತು ಸಲ್ಲುತ್ತದೆ.

ಉಳಿದ ಯುನಿಟ್‌ಗೆ ಎಷ್ಟು ರೂಪಾಯಿ

ಕೊಲಾಬಾದಿಂದ ಮಾಹಿಮ್, ಸಯನ್‌ವರೆಗಿನವರಿಗೆ ಬೆಸ್ಟ್, ಬಾಂದ್ರಾದಿಂದಾಚೆಯ ಉಪನಗರಗಳವರಿಗೆ ಹೆಚ್ಚಾಗಿ ಅದಾನಿ ಇಲ್ಲವೇ ಟಾಟಾ ಪವರ್, ಮುಲುಂಡ್, ಠಾಣೆ, ಡೊಂಬಿವಲಿ, ನವಿಮುಂಬಯಿಯವರಿಗೆ ಮಹಾವಿತರಣ ವಿದ್ಯುತ್ ಒದಗಿಸುತ್ತದೆ. ದರಗಳನ್ನು ಮಹಾರಾಷ್ಟ್ರ ವಿದ್ಯುತ್ ನಿಯಂತ್ರಣ ಆಯೋಗ ಕಾಲಕಾಲಕ್ಕೆ ನಿಗದಿಪಡಿಸುವುದರಿಂದ ಒಂದು ಕಂಪೆನಿಯ ದರ ಇನ್ನೊಂದಕ್ಕೆ ಹೊಂದುವುದಿಲ್ಲ, ಹೋದ ವರ್ಷದ ದರ ಈ ವರ್ಷಕ್ಕೆ ಹೊಂದುವುದಿಲ್ಲ. ಆದರೆ ಮನೆಬಳಕೆಯ ಬಿಲ್ಲಿನ ರಚನೆ ಎಲ್ಲರಿಗೂ ಸುಮಾರಾಗಿ ಒಂದೇ: ಮೊದಲ 100 ಯುನಿಟ್‌ಗೆ ಒಂದು ದರ, 300ರವರೆಗೆ ಅದಕ್ಕಿಂತ ಹೆಚ್ಚು, 500ರವರೆಗೆ ಮತ್ತೂ ಹೆಚ್ಚು, ಅದರಾಚೆ ಎಲ್ಲಕ್ಕಿಂತ ಹೆಚ್ಚು.

ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ನೀವು ಉಳಿಸುವ ಯುನಿಟ್‌ಗಳು ಯಾವಾಗಲೂ ಮೇಲಿನ ಸ್ಲ್ಯಾಬ್‌ನಿಂದ, ಅಂದರೆ ಹೆಚ್ಚಿನ ದರದ ಹಂತದಿಂದ, ಕಳೆಯುತ್ತವೆ. ತಿಂಗಳಿಗೆ 320 ಯುನಿಟ್ ಬಳಸುವ ಮನೆ 25 ಯುನಿಟ್ ಉಳಿಸಿದರೆ, ಅದರಲ್ಲಿ 20 ಯುನಿಟ್ ದುಬಾರಿ ಮೂರನೇ ಸ್ಲ್ಯಾಬಿನವು. ಆದ್ದರಿಂದ ಒಟ್ಟು ಬಿಲ್ಲನ್ನು ಒಟ್ಟು ಯುನಿಟ್‌ನಿಂದ ಭಾಗಿಸಿ ಬರುವ ಸರಾಸರಿ ದರವನ್ನು ಹಿಡಿಯಬೇಡಿ. ಬಿಲ್ಲಿನ ಹಿಂಬದಿಯಲ್ಲಿ ಇಲ್ಲವೇ ಆ್ಯಪ್‌ನಲ್ಲಿ ಇರುವ ಸ್ಲ್ಯಾಬ್ ಪಟ್ಟಿಯಿಂದ ನಿಮ್ಮ ಕೊನೆಯ ಯುನಿಟ್‌ನ ದರವನ್ನು ನೋಡಿ, ಅದಕ್ಕೆ ವೀಲಿಂಗ್ ಚಾರ್ಜ್ (ವಿದ್ಯುತ್ತನ್ನು ಮನೆಗೆ ತಲುಪಿಸುವ ಶುಲ್ಕ) ಸೇರಿಸಿ, ಅದರ ಮೇಲೆ ಶೇ. 16ರ ವಿದ್ಯುತ್ ಸುಂಕವನ್ನು ಕೂಡಿಸಿ. ಸ್ಥಿರ ಶುಲ್ಕವನ್ನು ಮಾತ್ರ ಈ ಲೆಕ್ಕಕ್ಕೆ ಸೇರಿಸಬೇಡಿ. ಯುನಿಟ್‌ಗೆ 10 ರೂಪಾಯಿ ಎಂದು ಲೆಕ್ಕದ ಅನುಕೂಲಕ್ಕೆ ಹಿಡಿದರೂ, ಮೇಲೆ ಹೇಳಿದ 60 ವ್ಯಾಟ್ ಬಲ್ಬ್‌ನ ಜಾಗದಲ್ಲಿ ಎಲ್‌ಇಡಿ ಬಂದಾಗ ತಿಂಗಳಿಗೆ 76 ರೂಪಾಯಿ ಉಳಿಯುತ್ತದೆ. ನೂರು ರೂಪಾಯಿಯ ಬಲ್ಬ್‌ನ ಬೆಲೆ ಎರಡನೇ ತಿಂಗಳಲ್ಲಿ ಮರಳಿ ಬಂದಿರುತ್ತದೆ.

ಒಂದು ಮಾತನ್ನು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ಏರ್ ಕಂಡೀಷನರ್, ಗೀಸರ್ ಇರುವ ಮನೆಯಲ್ಲಿ ದೀಪಗಳ ಪಾಲು ಚಿಕ್ಕದು, ಬರೀ ಬಲ್ಬ್ ಬದಲಾವಣೆಯಿಂದ ಬಿಲ್ಲು ಅರ್ಧಕ್ಕಿಳಿಯುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಎರಡು ಫ್ಯಾನ್, ಒಂದು ಫ್ರಿಜ್, ನಾಲ್ಕೈದು ದೀಪಗಳ ಸಾಧಾರಣ ಮನೆಯಲ್ಲಿ ಮಾತ್ರ ವ್ಯತ್ಯಾಸ ಎದ್ದು ಕಾಣುತ್ತದೆ.

ವ್ಯಾಟ್ ಅಲ್ಲ, ಲ್ಯೂಮೆನ್

ಅಂಗಡಿಯಲ್ಲಿ "ಒಂಬತ್ತು ವ್ಯಾಟಿನದು ಕೊಡಿ" ಎಂದು ಕೇಳುವುದು ನಮಗೆಲ್ಲ ರೂಢಿ. ವ್ಯಾಟ್ ತಿಳಿಸುವುದು ಬಲ್ಬ್ ಎಷ್ಟು ವಿದ್ಯುತ್ ತಿನ್ನುತ್ತದೆ ಎಂಬುದನ್ನು. ಎಷ್ಟು ಬೆಳಕು ಕೊಡುತ್ತದೆ ಎಂಬುದನ್ನು ತಿಳಿಸುವುದು ಲ್ಯೂಮೆನ್. ಹಳೆಯ 40 ವ್ಯಾಟ್ ಬಲ್ಬ್ 400 ಲ್ಯೂಮೆನ್‌ನ ಆಸುಪಾಸು, 60 ವ್ಯಾಟ್‌ನದು 700ರ ಆಸುಪಾಸು, 100 ವ್ಯಾಟ್‌ನದು 1300ಕ್ಕೆ ಸ್ವಲ್ಪ ಮೇಲೆ ಬೆಳಕು ಕೊಡುತ್ತಿತ್ತು. ಎಲ್‌ಇಡಿಯಲ್ಲಿ ಇವುಗಳಿಗೆ ಕ್ರಮವಾಗಿ 5, 9 ಮತ್ತು 14 ವ್ಯಾಟ್ ಸಾಕಾಗುತ್ತದೆ. ಎರಡು ಕಂಪೆನಿಗಳ 9 ವ್ಯಾಟ್ ಬಲ್ಬ್‌ಗಳನ್ನು ಪಕ್ಕಪಕ್ಕದಲ್ಲಿಟ್ಟು ಪೆಟ್ಟಿಗೆ ಓದಿದರೆ ಒಂದರಲ್ಲಿ 720, ಇನ್ನೊಂದರಲ್ಲಿ 900 ಎಂದಿರಬಹುದು. ಬೆಲೆಯಲ್ಲಿ ಹತ್ತಿಪ್ಪತ್ತು ರೂಪಾಯಿಯ ಅಂತರವಿದ್ದರೂ ಎರಡನೆಯದೇ ಅಗ್ಗವೆಂದು ತಿಳಿಯಬೇಕು, ಏಕೆಂದರೆ ಅಷ್ಟೇ ಯುನಿಟ್‌ಗೆ ಅದು ಕಾಲುಪಾಲು ಹೆಚ್ಚು ಬೆಳಕು ಕೊಡುತ್ತದೆ. ಲ್ಯೂಮೆನ್ ಎಷ್ಟೆಂದು ನಮೂದಿಸದ ಪೆಟ್ಟಿಗೆಯನ್ನು ವಾಪಸು ಕೊಡಿ.

ಹಳೆಯ ಬಲ್ಬ್ ಎಲ್ಲ ದಿಕ್ಕಿಗೂ ಬೆಳಕು ಚೆಲ್ಲುತ್ತಿತ್ತು. ಸಾಮಾನ್ಯ ಎಲ್‌ಇಡಿ ಬಲ್ಬ್‌ನ ಕೆಳ ಅರ್ಧ ಭಾಗ ಶಾಖ ಹೊರಹಾಕುವ ಕವಚವಾದ್ದರಿಂದ ಅದರ ಬೆಳಕು ಮುಂದಕ್ಕೇ ಹೆಚ್ಚು ಬೀಳುತ್ತದೆ. ಗೋಡೆಯ ಮೇಲೆ ಅಡ್ಡಲಾಗಿ ಬಲ್ಬ್ ಕೂರಿಸುವ ಹೋಲ್ಡರ್ ಇರುವಲ್ಲಿ ಈ ಬೆಳಕು ಎದುರಿನ ಗೋಡೆಗೆ ಹೊಡೆದು, ಹೋಲ್ಡರ್ ಕೆಳಗೇ ಇರುವ ಒಲೆಕಟ್ಟೆ ಮಬ್ಬಾಗಿ ಉಳಿಯುತ್ತದೆ. ಅಲ್ಲಿ ಹೆಚ್ಚು ವ್ಯಾಟಿನ ಬಲ್ಬ್ ತರುವ ಬದಲು ಓರೆಯಾಗಿ ಕೆಳಮುಖ ಮಾಡಿದ ಆ್ಯಂಗಲ್ ಹೋಲ್ಡರ್ ಹಾಕಿಸಿದರೆ ಕಡಿಮೆ ಖರ್ಚಿನಲ್ಲಿ ಕೆಲಸ ಮುಗಿಯುತ್ತದೆ.

ಬೆಳಕಿನ ಬಣ್ಣದ ಆಯ್ಕೆಯಲ್ಲಿ ನನ್ನದೊಂದು ತಕರಾರಿದೆ. ನಮ್ಮಲ್ಲಿ ಕೇಳದಿದ್ದರೆ ಅಂಗಡಿಯವರು ತೆಗೆದುಕೊಡುವುದು 6500 ಕೆಲ್ವಿನ್‌ನ (ಬೆಳಕಿನ ಬಣ್ಣವನ್ನು ಹೇಳುವ ಅಳತೆ) ನೀಲಿಮಿಶ್ರಿತ ಬಿಳಿ ಬೆಳಕನ್ನು, ಅಂದರೆ ಪೆಟ್ಟಿಗೆಯ ಮೇಲೆ ಕೂಲ್ ಡೇಲೈಟ್ ಎಂದು ಬರೆದದ್ದನ್ನು. ಓದುವ ಮೇಜಿಗೆ, ಅಡುಗೆಕಟ್ಟೆಗೆ, ಹೊಲಿಗೆ ಯಂತ್ರದ ಬಳಿಗೆ ಅದು ಸರಿ. ಮಲಗುವ ಕೋಣೆಗೂ ಊಟದ ಜಾಗಕ್ಕೂ ಅದೇ ಬೆಳಕನ್ನು ಹಾಕಿದರೆ ಮನೆ ದವಾಖಾನೆಯಂತಾಗುತ್ತದೆ. ಅಲ್ಲಿಗೆ 2700ರಿಂದ 3000 ಕೆಲ್ವಿನ್‌ನ ವಾರ್ಮ್ ವೈಟ್ ಕೇಳಿ. ಮರಾಠಿ ಅಂಗಡಿಯಲ್ಲಿ "ಪಿವಳಾ" (ಹಳದಿ) ಎಂದರೆ ಸಾಕು, ತಕ್ಷಣ ತಿಳಿಯುತ್ತದೆ. ಎರಡರ ನಡುವಿನ 4000 ಕೆಲ್ವಿನ್ ಹಾಲ್‌ಗೆ ಚೆನ್ನಾಗಿ ಒಪ್ಪುತ್ತದೆ, ಆದರೆ ಸಣ್ಣ ಅಂಗಡಿಗಳಲ್ಲಿ ಸಿಗುವುದು ಕಡಿಮೆ. ಮಳೆ ಬಿದ್ದ ಸಂಜೆ ದೀಪಕ್ಕೆ ಮುತ್ತುವ ರೆಕ್ಕೆಹುಳುಗಳ ಕಾಟವಿರುವ ಬಾಲ್ಕನಿಗೆ ಹಳದಿ ಬೆಳಕೇ ಮೇಲು. ಹುಳುಗಳನ್ನು ಅದು ಬಿಳಿ ಬೆಳಕಿಗಿಂತ ಕಡಿಮೆ ಸೆಳೆಯುತ್ತದೆ. ಗೋವಾದ ತೋಟದ ನಡುವಿನ ಮನೆಗಳಲ್ಲಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬಿಳಿ ಎಲ್‌ಇಡಿಯ ಒಳಗೆ ಇರುವುದು ನೀಲಿ ಬೆಳಕು ಕೊಡುವ ಚಿಪ್, ಅದರ ಮೇಲೆ ಹಳದಿ ಫಾಸ್ಫರ್‌ನ ಲೇಪ. ಎರಡೂ ಬೆರೆತು ಕಣ್ಣಿಗೆ ಬಿಳಿಯಾಗಿ ಕಾಣುತ್ತದೆ. ಈ ನೀಲಿ ಚಿಪ್ಪನ್ನು ಸಾಧ್ಯವಾಗಿಸಿದ್ದಕ್ಕಾಗಿ ಅಕಾಸಾಕಿ, ಅಮಾನೊ, ನಾಕಾಮುರ ಅವರಿಗೆ 2014ರ ಭೌತಶಾಸ್ತ್ರದ ನೊಬೆಲ್ ಪ್ರಶಸ್ತಿ ಸಂದಿತು. ಲೇಪದ ಗುಣಮಟ್ಟ ಕಡಿಮೆಯಾದಾಗ ಬೆಳಕಿನಲ್ಲಿ ಕೆಂಪಿನ ಅಂಶ ಕೊರತೆಯಾಗುತ್ತದೆ: ಟೊಮೆಟೊ ಕಂದಾಗಿ, ಕುಂಕುಮ ಮಾಸಲಾಗಿ, ಕೈಯ ಚರ್ಮ ರಕ್ತವಿಲ್ಲದಂತೆ ಕಾಣುತ್ತದೆ. ಬಣ್ಣದ ನಿಜರೂಪ ತೋರಿಸುವ ಈ ಗುಣವನ್ನು ಸಿಆರ್‌ಐ ಎಂಬ ಅಂಕದಿಂದ ಅಳೆಯುತ್ತಾರೆ. 80ಕ್ಕಿಂತ ಕಡಿಮೆ ಇರುವುದು ಬೇಡ. ಅಡುಗೆಮನೆಗೂ ಕನ್ನಡಿಯ ಮೇಲಿನ ದೀಪಕ್ಕೂ 90 ಸಿಕ್ಕರೆ ಹತ್ತು ರೂಪಾಯಿ ಹೆಚ್ಚು ಕೊಟ್ಟಾದರೂ ತನ್ನಿ.

ಪೆಟ್ಟಿಗೆ ಓದುವುದು, ಅಂಗಡಿಯಲ್ಲಿ ಪರೀಕ್ಷಿಸುವುದು

2015ರ ಜನವರಿ 5ರಂದು ಆರಂಭವಾದ ಕೇಂದ್ರ ಸರ್ಕಾರದ ಉಜಾಲಾ ಯೋಜನೆಯಲ್ಲಿ ಸರ್ಕಾರಿ ವಲಯದ ಇಇಎಸ್‌ಎಲ್ ಸಂಸ್ಥೆಯು ಬಲ್ಬ್‌ಗಳನ್ನು ಒಟ್ಟಾಗಿ ಕೋಟಿಗಟ್ಟಲೆ ಖರೀದಿಸಿದ್ದರಿಂದ, 300 ರೂಪಾಯಿ ದಾಟಿದ್ದ ಖರೀದಿ ಬೆಲೆ 2016ರ ವೇಳೆಗೆ 40 ರೂಪಾಯಿಗಿಂತ ಕೆಳಗಿಳಿಯಿತು. ಬೆಲೆ ಇಳಿದದ್ದು ಒಳ್ಳೆಯದೇ, ಆದರೆ ಅದರ ಬೆನ್ನಿಗೆ ಹೆಸರಿಲ್ಲದ ಕಳಪೆ ಬಲ್ಬ್‌ಗಳೂ ರಸ್ತೆಬದಿಗೆ ಬಂದವು. ನಿಲ್ದಾಣದ ಹೊರಗೆ ಬುಟ್ಟಿಯಲ್ಲಿಟ್ಟು "ನೂರಕ್ಕೆ ಮೂರು" ಎಂದು ಕೂಗುವ ಬಲ್ಬ್‌ಗಳಲ್ಲಿ ವಿದ್ಯುತ್ತನ್ನು ಹದಗೊಳಿಸುವ ಡ್ರೈವರ್ ಹೆಸರಿಗಷ್ಟೇ ಇರುತ್ತದೆ.

ಪೆಟ್ಟಿಗೆಯ ಮೇಲೆ ಮೊದಲು ನೋಡಬೇಕಾದದ್ದು ಭಾರತೀಯ ಮಾನಕ ಬ್ಯೂರೋದ ಗುರುತು. ಎಲ್‌ಇಡಿ ಬಲ್ಬ್‌ನ ಸುರಕ್ಷತೆಗೆ ಐಎಸ್ 16102 ಎಂಬ ಮಾನಕವಿದೆ. ಆ ಸಂಖ್ಯೆಯ ಜೊತೆಗೆ ಆರ್ ಅಕ್ಷರದಿಂದ ಆರಂಭವಾಗುವ ನೋಂದಣಿ ಸಂಖ್ಯೆ ಇರಬೇಕು. ಬ್ಯೂರೋದ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ಸಂಖ್ಯೆಯನ್ನು ಹಾಕಿದರೆ ತಯಾರಕರ ಹೆಸರು ಕಾಣಿಸುತ್ತದೆ, ಪೆಟ್ಟಿಗೆಯ ಹೆಸರಿನೊಂದಿಗೆ ಹೋಲಿಸಿ ನೋಡಿ. ಇದರ ಜೊತೆಗೆ ಕೇಂದ್ರದ ಇಂಧನ ದಕ್ಷತಾ ಬ್ಯೂರೋದ (ಬಿಇಇ) ಸ್ಟಾರ್ ಪಟ್ಟಿ ಇರುತ್ತದೆ. ಒಂದು ವ್ಯಾಟ್‌ಗೆ ಎಷ್ಟು ಲ್ಯೂಮೆನ್ ಎಂಬುದರ ಮೇಲೆ ನಕ್ಷತ್ರಗಳನ್ನು ಕೊಡುವುದರಿಂದ ಹೋಲಿಕೆಗೆ ಅದು ಅನುಕೂಲ. ಸರ್ಜ್ ರಕ್ಷಣೆ (ವೋಲ್ಟೇಜ್ ಒಮ್ಮೆಲೇ ಏರಿದಾಗ ತಡೆದುಕೊಳ್ಳುವ ಶಕ್ತಿ) ಎಷ್ಟು ಕಿಲೊವೋಲ್ಟ್ ಎಂದು ಬರೆದಿದ್ದರೆ ಅದನ್ನೂ ನೋಡಿ, ಮಳೆಗಾಲದಲ್ಲಿ ಕರೆಂಟ್ ಹೋಗಿ ಬರುವ ಕಡೆ 2.5 ಕಿಲೊವೋಲ್ಟ್‌ಗಿಂತ 4 ಕಿಲೊವೋಲ್ಟ್‌ನದು ಬಾಳಿಕೆ ಬರುತ್ತದೆ. 25,000 ಗಂಟೆಗಳ ಆಯುಸ್ಸು ಎಂಬ ದೊಡ್ಡ ಅಕ್ಷರಗಳಿಗೆ ನಾನು ಹೆಚ್ಚು ಬೆಲೆ ಕೊಡುವುದಿಲ್ಲ, ಬಿಲ್ಲಿನ ಮೇಲೆ ಬರೆದುಕೊಡುವ ಒಂದು ಅಥವಾ ಎರಡು ವರ್ಷದ ವಾರಂಟಿಯೇ ನಿಜವಾದ ಭರವಸೆ. ಥರ್ಮಲ್ ಕಾಗದದ ಬಿಲ್ಲು ಆರು ತಿಂಗಳಲ್ಲಿ ಬಿಳಿಯಾಗುವುದರಿಂದ ಅಂದೇ ಅದರ ಫೋಟೊ ತೆಗೆದಿಡಿ, ಬಲ್ಬ್ ಹಾಕಿದ ತಾರೀಖನ್ನು ಅದರ ಕತ್ತಿನ ಮೇಲೆ ಮಾರ್ಕರ್‌ನಿಂದ ಬರೆಯಿರಿ.

ಒಂದೆರಡು ಬಲ್ಬ್‌ಗಳಾದರೆ ಮನೆಯ ಬಳಿಯ ಅಂಗಡಿಯೇ ಸಾಕು, ಬದಲಾಯಿಸಿ ಕೊಡುವುದೂ ಅವರೇ. ಇಡೀ ಮನೆಗೋ ಸೊಸೈಟಿಗೋ ಬೇಕಾದಾಗ ಕ್ರಾಫರ್ಡ್ ಮಾರ್ಕೆಟ್ ಹತ್ತಿರದ ಲೋಹಾರ್ ಚಾಳ್‌ಗೆ ಹೋಗುವುದು ಲಾಭ; ವಿದ್ಯುತ್ ಸಾಮಾನಿನ ಸಗಟು ಅಂಗಡಿಗಳು ಅಲ್ಲಿ ಸಾಲುಗಟ್ಟಿವೆ. ಎಲ್ಲಿ ಕೊಂಡರೂ ಬಲ್ಬನ್ನು ಉರಿಸಿ ತೋರಿಸಲು ಹೇಳಿ. ಉರಿಯುವ ಬಲ್ಬ್‌ನ ಕೆಳಗೆ ನಿಮ್ಮ ಅಂಗೈ ಹಿಡಿದು ನೋಡಿದರೆ ಬಣ್ಣದ ಗುಣಮಟ್ಟ ಗೊತ್ತಾಗುತ್ತದೆ. ಬಳಿಕ ಒಂದು ಪೆನ್ಸಿಲನ್ನು ಬೆರಳ ತುದಿಯಲ್ಲಿ ಹಿಡಿದು ಬೆಳಕಿನಲ್ಲಿ ವೇಗವಾಗಿ ಅತ್ತಿಂದಿತ್ತ ಆಡಿಸಿ. ಬೀಸಣಿಗೆಯಂತೆ ಅಖಂಡವಾದ ಮಸುಕು ಕಂಡರೆ ಸರಿ. ಒಂದರ ಪಕ್ಕದಲ್ಲೊಂದು ಬೇರೆಬೇರೆ ಪೆನ್ಸಿಲ್‌ಗಳ ಸಾಲು ಕಂಡರೆ ಆ ಬಲ್ಬ್ ಸೆಕೆಂಡಿಗೆ ನೂರು ಬಾರಿ ಮಿನುಗುತ್ತಿದೆ ಎಂದು ಅರ್ಥ. ಕಣ್ಣಿಗೆ ನೇರವಾಗಿ ಕಾಣದ ಈ ಮಿನುಗು ಓದುವವರಿಗೆ ತಲೆನೋವು ತರಬಲ್ಲದು. ಮೊಬೈಲ್ ಕ್ಯಾಮೆರಾದಲ್ಲಿ ನೋಡಿದಾಗ ಕಪ್ಪುಪಟ್ಟಿಗಳು ಸರಿದಾಡಿದರೂ ದೋಷ ಅದೇ. ಹತ್ತು ಬಲ್ಬ್ ಬೇಕಿದ್ದರೂ ಮೊದಲು ಒಂದನ್ನು ತಂದು ವಾರ ಬಳಸಿ ನೋಡಿ, ಒಪ್ಪಿಗೆಯಾದರೆ ಉಳಿದವನ್ನು ತನ್ನಿ.

ಹೋಲ್ಡರ್ ಯಾವುದೆಂದು ಮನೆಯಲ್ಲಿಯೇ ನೋಡಿಕೊಂಡು ಹೋಗುವುದನ್ನು ಮರೆಯಬೇಡಿ. ನಮ್ಮಲ್ಲಿ ಹೆಚ್ಚಿನವು ಎರಡು ಪಿನ್ನಿನ ಬಿ22. ಅಲಂಕಾರದ ದೀಪಗಳಲ್ಲಿ ತಿರುಗಿಸಿ ಕೂರಿಸುವ ಇ27 ಅಥವಾ ಸಣ್ಣ ಇ14 ಇರುತ್ತದೆ. ಅಂಗಡಿಯವರ ಬಾಯಲ್ಲಿ ಇವು ಪಿನ್‌ವಾಲಾ ಮತ್ತು ಚೂಡಿವಾಲಾ.

ಹಾಕುವಾಗ

ಸ್ವಿಚ್ ಆರಿಸಿದರೆ ಸಾಲದು, ಮೇನ್ ಅಥವಾ ಆ ಕೋಣೆಯ ಎಂಸಿಬಿಯನ್ನೂ ಇಳಿಸಿ. ಹಳೆಯ ಚಾಳುಗಳ ವೈರಿಂಗ್‌ನಲ್ಲಿ ಸ್ವಿಚ್ಚನ್ನು ವಿದ್ಯುತ್ ತರುವ ಫೇಸ್ ತಂತಿಗೆ ಹಾಕುವ ಬದಲು ನ್ಯೂಟ್ರಲ್‌ಗೆ ಹಾಕಿರುವುದುಂಟು. ಆಗ ದೀಪ ಆರಿದರೂ ಹೋಲ್ಡರ್‌ನ ಪಿನ್ನಿನಲ್ಲಿ ವಿದ್ಯುತ್ ಇದ್ದೇ ಇರುತ್ತದೆ. ಒಣಗಿದ ಮರದ ಸ್ಟೂಲ್ ಮೇಲೆ ಚಪ್ಪಲಿ ಹಾಕಿಕೊಂಡು ನಿಂತು, ಹಳೆಯ ಬಲ್ಬ್ ತಣ್ಣಗಾದ ಮೇಲೆ ಅದನ್ನು ಮೇಲಕ್ಕೆ ಒತ್ತಿ ಎಡಕ್ಕೆ ತಿರುಗಿಸಿ ತೆಗೆಯಿರಿ. ಹೊಸ ಬಲ್ಬ್ ಕೂರಿಸುವ ಮೊದಲು ಹೋಲ್ಡರ್ ಒಳಗೆ ಟಾರ್ಚ್ ಹಾಕಿ ನೋಡಿ. ಎರಡೂ ಪಿನ್ನುಗಳು ಒತ್ತಿದಾಗ ಒಳಹೋಗಿ ಬಿಟ್ಟಾಗ ಹೊರಚಿಮ್ಮಬೇಕು. ಒಂದು ಒಳಗೇ ಸಿಕ್ಕಿಕೊಂಡಿದ್ದರೆ, ತುದಿ ಕಪ್ಪಾಗಿದ್ದರೆ, ಬೇಕಲೈಟ್ ಮುಟ್ಟಿದರೆ ಉದುರುವಂತಿದ್ದರೆ ಹೋಲ್ಡರನ್ನೇ ಬದಲಾಯಿಸಿ. ಸಮುದ್ರದ ಗಾಳಿ ಬೀಸುವ ವರ್ಸೋವಾದಂಥ ಕಡೆಗಳಲ್ಲಿ, ಗೋವಾದ ಕರಾವಳಿಯಲ್ಲಿ, ಹಿತ್ತಾಳೆಯ ಪಿನ್ನಿಗೆ ಹಸಿರು ಕಿಲುಬು ಹಿಡಿಯುತ್ತದೆ. ಸಡಿಲ ಸಂಪರ್ಕದಲ್ಲಿ ಕಿಡಿ ಹಾರಿ ಹಾರಿಯೇ ಎಷ್ಟೋ ಹೊಸ ಬಲ್ಬ್‌ಗಳು ಸಾಯುತ್ತವೆ ಮತ್ತು ಬೈಗುಳ ಕಂಪೆನಿಗೆ ಹೋಗುತ್ತದೆ. ಬಲ್ಬನ್ನು ಹಿಡಿಯುವಾಗ ಬಿಳಿ ಬುರುಡೆಯನ್ನಲ್ಲ, ಅದರ ಕತ್ತನ್ನು ಹಿಡಿಯಿರಿ. ಬುರುಡೆಗೆ ಬಲ ಹಾಕಿದರೆ ಅಂಟು ಬಿಟ್ಟು ಕೈಗೆ ಬರುತ್ತದೆ.

ಸ್ವಿಚ್ ಆರಿಸಿದ ಮೇಲೂ ಎಲ್‌ಇಡಿ ಮಸುಕಾಗಿ ಉರಿಯುತ್ತಿದ್ದರೆ ಹೆದರಬೇಕಾಗಿಲ್ಲ, ಆದರೆ ಅಸಡ್ಡೆಯೂ ಬೇಡ. ಸ್ವಿಚ್‌ನೊಳಗಿನ ಪುಟ್ಟ ನಿಯಾನ್ ಸೂಚಕದ ಮೂಲಕ ಹರಿಯುವ ಅತ್ಯಲ್ಪ ವಿದ್ಯುತ್ತೇ ಎಲ್‌ಇಡಿಯನ್ನು ಮಿಣುಕಿಸಲು ಸಾಕು. ಸೂಚಕವೇ ಇಲ್ಲದ ಸ್ವಿಚ್‌ನಲ್ಲಿ ಹೀಗಾದರೆ ಫೇಸ್ ಮತ್ತು ನ್ಯೂಟ್ರಲ್ ಅದಲುಬದಲಾಗಿರುವ ಸಂಭವವಿದೆ; ಅದನ್ನು ವೈರ್‌ಮನ್‌ಗೆ ತೋರಿಸಿ ಸರಿಪಡಿಸಿಕೊಳ್ಳಿ.

ಟ್ಯೂಬ್‌ಲೈಟ್‌ನದು ಬೇರೆಯೇ ಕಥೆ. 36 ವ್ಯಾಟ್‌ನ ಟ್ಯೂಬ್ ಎಂದು ಕರೆದರೂ ಹಳೆಯ ತಾಮ್ರದ ಚೋಕ್ ತನ್ನ ಪಾಲಿಗೆ ಹತ್ತು ಹನ್ನೆರಡು ವ್ಯಾಟ್ ನುಂಗುವುದರಿಂದ ಮೀಟರ್‌ನಲ್ಲಿ ಓಡುವುದು 50ರ ಹತ್ತಿರ. ದಿನಕ್ಕೆ 10 ಗಂಟೆ ಉರಿಯುವ ಅಡುಗೆಮನೆಯ ಟ್ಯೂಬ್ ತಿಂಗಳಿಗೆ 15 ಯುನಿಟ್ ಬಳಸಿದರೆ 20 ವ್ಯಾಟ್‌ನ ಎಲ್‌ಇಡಿ ಬ್ಯಾಟನ್ (ಟ್ಯೂಬ್‌ನಂತೆ ಉದ್ದವಾದ ದೀಪ) 6 ಯುನಿಟ್ ಬಳಸುತ್ತದೆ. ಟ್ಯೂಬ್ ಕೂರುವ ಹಳೆಯ ಪಟ್ಟಿಯನ್ನು ಹಾಗೆಯೇ ಉಳಿಸಿ ಎಲ್‌ಇಡಿ ಟ್ಯೂಬ್ ಮಾತ್ರ ಕೂರಿಸುವುದೂ ಸಾಧ್ಯ, ಆದರೆ ಸ್ಟಾರ್ಟರ್ ತೆಗೆಯುವುದು, ಚೋಕ್ ಬಿಡಿಸಿ ನೇರ ತಂತಿ ಕೊಡುವುದು, ವಿದ್ಯುತ್ತನ್ನು ಟ್ಯೂಬ್‌ನ ಒಂದೇ ತುದಿಗೆ ಕೊಡಬೇಕೋ ಎರಡಕ್ಕೂ ಕೊಡಬೇಕೋ ಎಂದು ನೋಡುವುದು, ಇವೆಲ್ಲ ಕಂಪೆನಿಯಿಂದ ಕಂಪೆನಿಗೆ ಬೇರೆ. ಮುಂದೊಂದು ದಿನ ಯಾರಾದರೂ ತಿಳಿಯದೆ ಅದೇ ಪಟ್ಟಿಗೆ ಹಳೆಯ ಟ್ಯೂಬ್ ಹಾಕಿದರೆ ಶಾರ್ಟ್ ಆಗುವ ಅಪಾಯವೂ ಇದೆ. ಪಟ್ಟಿಯ ಸಮೇತ ತೆಗೆದು ಹೊಸ ಬ್ಯಾಟನ್ ಹಾಕುವುದೇ ಒಳಿತು, ಎರಡು ತಂತಿಯ ಕೆಲಸವಾದರೂ ವೈರ್‌ಮನ್‌ನಿಂದಲೇ ಮಾಡಿಸಿ.

ಎಲ್‌ಇಡಿ ಬೇಗ ಕೆಡುವ ಜಾಗಗಳು

ಎಲ್‌ಇಡಿಯ ಚಿಪ್ ಸುಲಭಕ್ಕೆ ಸಾಯುವುದಿಲ್ಲ. ಸಾಯುವುದು ಬುಡದಲ್ಲಿರುವ ಡ್ರೈವರ್, ಅದರಲ್ಲಿಯೂ ಅದರ ಕೆಪಾಸಿಟರ್, ಮತ್ತು ಅದರ ಶತ್ರು ಶಾಖ. ಗಾಳಿಯಾಡದ ಗಾಜಿನ ಗುಂಡಿನೊಳಗೆ, ಫಾಲ್ಸ್ ಸೀಲಿಂಗ್‌ನ ಕುಳಿಯೊಳಗೆ 12 ವ್ಯಾಟ್‌ನ ಬಲ್ಬ್ ಹಾಕಿದರೆ ವರ್ಷ ತುಂಬುವುದೂ ಕಷ್ಟ. ಅಂಥ ಕಡೆ 5 ಅಥವಾ 7 ವ್ಯಾಟಿಗೆ ತೃಪ್ತಿಪಡಬೇಕು, ಇಲ್ಲವೇ ಗುಂಡನ್ನೇ ತೆಗೆಯಬೇಕು. ಬಚ್ಚಲಿನ ಹಬೆಗೂ ಮಳೆಯ ಎರಚಲು ಬೀಳುವ ಬಾಲ್ಕನಿಗೂ ಐಪಿ65 (ದೂಳು, ನೀರು ಒಳಹೋಗದು ಎಂಬ ಗುರುತು) ಎಂದು ಬರೆದ ಮುಚ್ಚಿದ ಬಲ್ಕ್‌ಹೆಡ್ ದೀಪ ಸೂಕ್ತ. ಬೆಳಕು ಹೆಚ್ಚುಕಡಿಮೆ ಮಾಡುವ ಡಿಮ್ಮರ್ ಇರುವಲ್ಲಿ ಡಿಮ್ಮಬಲ್ ಎಂದು ಸ್ಪಷ್ಟವಾಗಿ ನಮೂದಿಸಿದ ಬಲ್ಬ್ ಬಿಟ್ಟು ಬೇರೇನೂ ಹಾಕಬಾರದು. ಓವನ್ ಒಳಗಿನ ದೀಪಕ್ಕೆ ಎಲ್‌ಇಡಿಯ ಯೋಚನೆಯೇ ಬೇಡ.

ಶಾಖದ ಲೆಕ್ಕ ಎಲ್‌ಇಡಿಯ ಪರವಾಗಿ ನಿಲ್ಲುವ ಜಾಗವೂ ಒಂದಿದೆ: ದೀಪಾವಳಿಯ ಗೂಡುದೀಪ. ಕಾಗದದ ಕಂದೀಲಿನೊಳಗೆ 60 ವ್ಯಾಟ್ ಬಲ್ಬ್ ಇಳಿಬಿಟ್ಟು, ಗಾಳಿಗೆ ಕಾಗದ ಗಾಜಿಗೆ ತಾಗಿ ಕರಕಾಗುವುದನ್ನು ಪ್ರತಿ ವರ್ಷವೂ ಕಾಣುತ್ತೇವೆ. 5 ವ್ಯಾಟಿನ ಹಳದಿ ಎಲ್‌ಇಡಿ ಅಲ್ಲಿ ಧಾರಾಳವಾಗಿ ಸಾಕು, ಬಾಲ್ಕನಿಯಲ್ಲಿ ರಾತ್ರಿಯಿಡೀ ಉರಿದರೂ ಚಿಂತೆಯಿಲ್ಲ.

ಬಾಡಿಗೆಯ ಮನೆ, ಸೊಸೈಟಿಯ ಮೆಟ್ಟಿಲು

ಹನ್ನೊಂದು ತಿಂಗಳ ಲೀವ್ ಆ್ಯಂಡ್ ಲೈಸೆನ್ಸ್ ಕರಾರಿನಲ್ಲಿ ಇರುವವರು ಗೋಡೆಗೆ ಮೊಳೆ ಹೊಡೆಯುವ ದೀಪಗಳಿಗೆ ಹಣ ಹಾಕದೆ, ಬಿ22 ಬಲ್ಬ್‌ಗಳಿಗೇ ಹಾಕುವುದು ಜಾಣತನ. ಮನೆ ಬಿಡುವಾಗ ಅವುಗಳನ್ನು ಬಿಚ್ಚಿಕೊಂಡು, ಬಂದಾಗ ಇದ್ದ ಹಳೆಯ ಬಲ್ಬ್‌ಗಳನ್ನು ಮರಳಿ ಹಾಕಿ ಹೋಗಬಹುದು. ಅದಕ್ಕಾಗಿ ಹಳೆಯವನ್ನು ಒಂದು ಪೆಟ್ಟಿಗೆಯಲ್ಲಿಟ್ಟು ಅಟ್ಟಕ್ಕೇರಿಸಿರಿ. ಹೊಸ ಮನೆಯ ಹೋಲ್ಡರ್‌ಗಳೂ ಬಹುತೇಕ ಅವೇ ಆಗಿರುತ್ತವೆ.

ಸ್ವಂತ ಮನೆಯಿರುವವರು ತಮ್ಮ ಮನೆಯ ಕೆಲಸ ಮುಗಿದ ಮೇಲೆ ಸೊಸೈಟಿಯ ಕಡೆಗೆ ನೋಡಬೇಕು. ಮೆಟ್ಟಿಲು, ಪಾರ್ಕಿಂಗ್, ಗೇಟ್‌ಗಳಲ್ಲಿ ಹತ್ತು ಹಳೆಯ ಟ್ಯೂಬ್‌ಗಳು ಸಂಜೆಯಿಂದ ಬೆಳಗಿನವರೆಗೆ 12 ಗಂಟೆ ಉರಿದರೆ ತಿಂಗಳಿಗೆ 180 ಯುನಿಟ್. 20 ವ್ಯಾಟ್‌ನ ಬ್ಯಾಟನ್‌ಗಳಾದರೆ 72. ಝೀರೋ ಬಲ್ಬ್ ಬಿಟ್ಟರೆ ಮನೆಯೊಳಗೆ ಇಷ್ಟು ಗಂಟೆ ಉರಿಯುವ ದೀಪ ಅಪರೂಪವಾದ್ದರಿಂದ ಹಾಕಿದ ಹಣ ಇಲ್ಲಿ ಬೇಗ ಮರಳುತ್ತದೆ. ವಾರ್ಷಿಕ ಸಭೆಯಲ್ಲಿ ಈ ಲೆಕ್ಕವನ್ನು ಒಂದೇ ಹಾಳೆಯಲ್ಲಿ ಬರೆದು ಕೊಟ್ಟರೆ ಸಮಿತಿಯವರು ಒಪ್ಪದಿರಲು ಕಾರಣವಿರುವುದಿಲ್ಲ, ಆದರೂ ಪೇಂಟಿಂಗ್ ಮತ್ತು ಸೋರಿಕೆಯ ಚರ್ಚೆ ಆರಂಭವಾಗುವ ಮೊದಲೇ ಮಾತು ಎತ್ತುವುದು ಕ್ಷೇಮ. ಮೇಲಿನ ಮಹಡಿಗಳ ಮೆಟ್ಟಿಲಿಗೆ ಚಲನೆ ಗುರುತಿಸುವ ಸೆನ್ಸರ್ ದೀಪ ಹಾಕಬಹುದು. ಗೇಟಿಗೂ ಲಿಫ್ಟ್ ಬಾಗಿಲಿಗೂ ಅದು ಬೇಡ, ಅಲ್ಲಿ ಬೆಳಕು ಸದಾ ಇರಬೇಕು.

ತೆಗೆದ ದೀಪಗಳು, ಮುಂದಿನ ಬಿಲ್ಲು

ತಂತಿ ಬಲ್ಬ್ ಒಡೆದರೆ ಗಾಜಿನ ಭಯವಷ್ಟೇ. ಸಿಎಫ್‌ಎಲ್‌ನಲ್ಲಿಯೂ ಟ್ಯೂಬ್‌ನಲ್ಲಿಯೂ ಕೆಲವು ಮಿಲಿಗ್ರಾಂ ಪಾದರಸ ಇರುತ್ತದೆ. ಕೈಜಾರಿ ಒಡೆದರೆ ಮಕ್ಕಳನ್ನು ಹೊರಗೆ ಕಳಿಸಿ, ಫ್ಯಾನ್ ಆರಿಸಿ, ಕಿಟಕಿ ತೆರೆದು ಹತ್ತು ಹದಿನೈದು ನಿಮಿಷ ಬಿಡಿ. ಪೊರಕೆಯಲ್ಲಿ ಗುಡಿಸಬಾರದು, ವ್ಯಾಕ್ಯೂಮ್ ಕ್ಲೀನರ್ ಹಾಕಬಾರದು, ಎರಡೂ ಪಾದರಸವನ್ನು ಕೋಣೆಯ ತುಂಬ ಹರಡುತ್ತವೆ. ಗಟ್ಟಿ ರಟ್ಟಿನ ಎರಡು ತುಂಡುಗಳಿಂದ ಚೂರುಗಳನ್ನು ಎತ್ತಿ, ಉಳಿದ ಪುಡಿಯನ್ನು ಅಂಟುಪಟ್ಟಿಯಿಂದ ಒತ್ತಿ ತೆಗೆದು, ಒದ್ದೆ ಕಾಗದದಿಂದ ನೆಲ ಒರೆಸಿ, ಎಲ್ಲವನ್ನೂ ಮುಚ್ಚಳವಿರುವ ಡಬ್ಬಿಗೆ ಹಾಕಿ. ಪಾದರಸವಿರುವ ದೀಪಗಳು ಇ-ತ್ಯಾಜ್ಯ ನಿಯಮಗಳಡಿ ಬರುವುದರಿಂದ ಹಸಿಕಸ, ಒಣಕಸ ಎರಡಕ್ಕೂ ಸೇರಿಸದೆ, ಅವು ಬಂದಿದ್ದ ಪೆಟ್ಟಿಗೆಯಲ್ಲಿ ಅಥವಾ ಹಳೆಯ ಪತ್ರಿಕೆಯಲ್ಲಿ ಸುತ್ತಿ ಇಟ್ಟು ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡಿ. ಕೆಟ್ಟ ಎಲ್‌ಇಡಿಯಲ್ಲಿ ಪಾದರಸವಿಲ್ಲ, ಆದರೂ ಅದರೊಳಗೆ ಸರ್ಕ್ಯೂಟ್ ಇರುವುದರಿಂದ ಅದೇ ಚೀಲಕ್ಕೆ ಹೋಗಲಿ. ವಾರಂಟಿ ಮುಗಿಯದಿದ್ದರೆ ಮಾತ್ರ ಮೊದಲು ಅಂಗಡಿಗೆ.

ಪರಿಣಾಮ ನೋಡಲು ಹಿಂದಿನ ತಿಂಗಳ ಬಿಲ್ಲಿನೊಂದಿಗೆ ಹೋಲಿಸಬೇಡಿ. ಮೇ ತಿಂಗಳ ಫ್ಯಾನ್ ಮತ್ತು ಜುಲೈ ತಿಂಗಳ ಕತ್ತಲೆ ಎರಡೂ ಲೆಕ್ಕ ಕೆಡಿಸುತ್ತವೆ. ಬಿಲ್ಲಿನಲ್ಲಿ ಹಿಂದಿನ ತಿಂಗಳುಗಳ ಬಳಕೆಯ ವಿವರವಿರುತ್ತದೆ, ಅದರಲ್ಲಿ ಕಳೆದ ವರ್ಷದ ಅದೇ ತಿಂಗಳಿನ ಯುನಿಟ್ ನೋಡಿ, ಎರಡು ಬಿಲ್ಲುಗಳ ದಿನಗಳ ಸಂಖ್ಯೆ ಒಂದೇ ಇದೆಯೇ ಎಂಬುದನ್ನೂ ಗಮನಿಸಿ. ಹೋಲಿಸಬೇಕಾದದ್ದು ಯುನಿಟ್‌ಗಳನ್ನು, ರೂಪಾಯಿಯನ್ನಲ್ಲ, ಏಕೆಂದರೆ ನಡುವೆ ದರವೇ ಬದಲಾಗಿರಬಹುದು. ನಿಮ್ಮ ಹಾಳೆಯ ಲೆಕ್ಕಕ್ಕೂ ಬಿಲ್ಲಿಗೂ ತೀರಾ ಅಂತರವಿದ್ದರೆ, ಯಾವುದೋ ದೀಪದ ಗಂಟೆಗಳನ್ನು ಕಡಿಮೆ ಬರೆದಿದ್ದೀರಿ, ಇಲ್ಲವೇ ಫ್ರಿಜ್‌ನ ಬಾಗಿಲಿನ ರಬ್ಬರ್ ಸಡಿಲವಾಗಿದೆ. ಎರಡನ್ನೂ ಒಮ್ಮೆ ನೋಡಿಬಿಡಿ.